ಮಾಯವಾದವನು ಎಲ್ಲಿ ಕೂತಿದ್ದಾನೆ?

ನಮಸ್ಕಾರ.

'ಅದೃಶ್ಯ ಲೋಕದ ಚಿತ್ರಕಾರರು' ಅಂತ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯ ಚೆನ್ನಾಗಿದೆ. ಕಾಣದ ಮನುಷ್ಯನನ್ನು ಚಿತ್ರದಲ್ಲಿ, ಸಿನಿಮಾದಲ್ಲಿ ತೋರಿಸುವುದು ಹೇಗೆ ಅಂತ ಕೇಳುವ ಲೇಖನ ನಮಗೆ ಇಲ್ಲಿಯವರೆಗೆ ಬಂದಿರಲಿಲ್ಲ. ಕಾಗುಣಿತ ತಪ್ಪಿಲ್ಲ, ಓದಿಸಿಕೊಂಡು ಹೋಗುತ್ತದೆ. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಎರಡನೇ ಸಲ ಓದುವಾಗ ನನಗೆ ಸಿಟ್ಟೇ ಬಂತು. ಯಾಕೆ ಅಂತ ಹೇಳಿಬಿಡುತ್ತೇನೆ.

1933ರ 'ದಿ ಇನ್ವಿಸಿಬಲ್ ಮ್ಯಾನ್' ಸಿನಿಮಾದ ಕೊನೆಯ ಭಾಗದ ಬಗ್ಗೆ ನಿಮ್ಮ ಸಾಲು ಹೀಗಿದೆ: 'ಹಿಮದ ಮೇಲೆ ಒಂದೊಂದಾಗಿ ಮೂಡುವ ಬರಿಗಾಲಿನ ಹೆಜ್ಜೆಗಳು ಪ್ರೇಕ್ಷಕರನ್ನು ಮಂತ್ರಮುಗ್ಧಗೊಳಿಸುತ್ತವೆ.' ದಯವಿಟ್ಟು ಸಿನಿಮಾ ಹಾಕಿ ನೋಡಿ. ಅಲ್ಲಿ ಮೂಡುವುದು ಬೂಟಿನ ಗುರುತು. ಕಥೆಯ ಪ್ರಕಾರ ಅವನ ಮೈಮೇಲೆ ಒಂದು ಚೂರು ಬಟ್ಟೆ ಇಲ್ಲ, ಅಂದಮೇಲೆ ಬರಿಗಾಲೇ ಇರಬೇಕಿತ್ತು. ಸಿನಿಮಾದವರು ಎಡವಿದ್ದಾರೆ. ನೀವು ಅಲ್ಲಿ ಏನಿರಬೇಕೋ ಅದನ್ನು ಊಹಿಸಿ ಬರೆದಿದ್ದೀರಿ. ಏನಿದೆ ಅಂತ ನೋಡಿಲ್ಲ.

ನೋಡಿದ್ದರೆ ಎಂಥ ಒಳ್ಳೆಯ ಪ್ಯಾರಾ ಸಿಗುತ್ತಿತ್ತು! ಅದೇ ಸಿನಿಮಾದಲ್ಲಿ ಜಾನ್ ಫುಲ್ಟನ್ ಅನ್ನುವ ಟ್ರಿಕ್ ಛಾಯಾಗ್ರಾಹಕ, ನಟನಿಗೆ ತಲೆಯಿಂದ ಕಾಲಿನವರೆಗೆ ಕಪ್ಪು ಮಖಮಲ್ ಸುತ್ತಿ, ಅದರ ಮೇಲೆ ಅಂಗಿ ಪ್ಯಾಂಟು ತೊಡಿಸಿ, ಹಿಂದೆ ಕಪ್ಪು ಮಖಮಲ್ ಪರದೆ ಕಟ್ಟಿ ಚಿತ್ರೀಕರಿಸಿದ. ಮೈ ಪರದೆಯಲ್ಲಿ ಕರಗಿತು, ಬಟ್ಟೆ ಮಾತ್ರ ಓಡಾಡಿತು. ಆಮೇಲೆ ಅದನ್ನು ಕೋಣೆಯ ದೃಶ್ಯದ ಜೊತೆ ಸೇರಿಸಿದರು. ಅಷ್ಟೆಲ್ಲ ಮಾಡಿದವರು, ಕಾಣದವನಿಗೂ ಐದು ಬೆರಳಿನ ಪಾದ ಇದೆ ಅನ್ನುವುದನ್ನು ಹಿಮದ ಹತ್ತಿರ ಬಂದಾಗ ಮರೆತುಬಿಟ್ಟರು.

'ಮಂತ್ರಮುಗ್ಧ' ಪದ ನಿಮ್ಮ ಲೇಖನದಲ್ಲಿ ಆರು ಸಲ ಬಂದಿದೆ. ಆರು ಕಡೆಯೂ ಪಕ್ಕದಲ್ಲಿ ಕೈಗೆ ಸಿಗುವ ವಸ್ತು ಒಂದೂ ಇಲ್ಲ. 1987ರ 'ಮಿಸ್ಟರ್ ಇಂಡಿಯಾ' ಬಗ್ಗೆ 'ನಾಯಕ ಮಾಯವಾದಾಗ ಮಕ್ಕಳು ಮಂತ್ರಮುಗ್ಧರಾಗುತ್ತಾರೆ' ಅಂತ ಮುಗಿಸಿದ್ದೀರಿ. ಕೆಂಪು ಬೆಳಕು ಎಲ್ಲಿ ಹೋಯಿತು? ಕೆಂಪು ಬಿದ್ದರೆ ಅವನು ಕಂಡುಬಿಡುತ್ತಾನೆ ಅನ್ನುವ ಆ ಒಂದು ನಿಯಮದಿಂದಲೇ ಅಲ್ವಾ ಅವನಿಗೆ ಏನಾಗುತ್ತದೋ ಅಂತ ನಮಗೆ ಭಯ ಆಗುವುದು?

ಇನ್ನೊಂದು, ನನಗೆ ಇದಕ್ಕಿಂತ ಜಾಸ್ತಿ ಚುಚ್ಚಿದ್ದು. ಮಾಯ, ಅದೃಶ್ಯ ಎರಡನ್ನೂ ಒಂದೇ ಅರ್ಥದಲ್ಲಿ ಬಳಸಿದ್ದೀರಿ. ಜೇಬಿನಲ್ಲಿದ್ದ ದುಡ್ಡು ಮಾಯವಾಯಿತು ಅಂದರೆ ಅದು ಅಲ್ಲಿಲ್ಲ. ಅದೃಶ್ಯ ಅಂದರೆ ಅಲ್ಲೇ ಇದೆ, ಕಾಣುತ್ತಿಲ್ಲ. ಇಲ್ಲದ್ದನ್ನು ತೋರಿಸಲು ಕಾಗದ ಖಾಲಿ ಬಿಟ್ಟರೆ ಸಾಕು. ಇದ್ದೂ ಕಾಣದ್ದನ್ನು ತೋರಿಸಬೇಕಾದರೆ ಅದು ಮುಟ್ಟಿದ್ದನ್ನೆಲ್ಲ ಬರೆಯಬೇಕು. ಎಚ್.ಜಿ. ವೆಲ್ಸ್ 1897ರಲ್ಲಿ 'ದಿ ಇನ್ವಿಸಿಬಲ್ ಮ್ಯಾನ್' ಸಿನಿಮಾದ ಮೂಲ ಕಾದಂಬರಿ ಬರೆದಾಗಲೇ ಇದನ್ನು ಯೋಚಿಸಿದ್ದ. ಅವನ ಅದೃಶ್ಯ ಮನುಷ್ಯನ ಮೇಲೆ ಹಿಮ ಕೂತರೆ ಆಕಾರ ಗೊತ್ತಾಗುತ್ತದೆ. ಉಂಡ ಅನ್ನ ಅರಗುವವರೆಗೆ ಹೊಟ್ಟೆಯೊಳಗೆ ಕಾಣುತ್ತದೆ.

ನನಗೆ ಇದು ಅರ್ಥವಾಗಿದ್ದು ಇಪ್ಪತ್ಮೂರನೇ ವಯಸ್ಸಿನಲ್ಲಿ. ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಒಂದು ಕಥೆ ಬಂದಿತ್ತು. ಮನೆಯ ಯಜಮಾನ ಕಣ್ಣಿಗೆ ಅಂಜನ ಹಚ್ಚಿಕೊಂಡು ಯಾರಿಗೂ ಕಾಣದ ಹಾಗೆ ಪಡಸಾಲೆಯಲ್ಲಿ ಕೂತು, ಮಕ್ಕಳು ಆಸ್ತಿ ಪಾಲಿನ ಮಾತಾಡುವುದನ್ನು ಕೇಳುತ್ತಾನೆ. ನಮ್ಮ ಚಿತ್ರಕಾರರು ಮೊದಲು ಪೆನ್ಸಿಲಿನಲ್ಲಿ ಆ ಮುದುಕನನ್ನು ಪೂರ್ತಿ ಬರೆದರು. ಮಂಡಿಯ ಮೂಳೆ, ಪಂಚೆಯ ನೆರಿಗೆ ಎಲ್ಲ. ಆಮೇಲೆ ಅವನು ಕೂತ ಹಗ್ಗದ ಮಂಚಕ್ಕೆ ಮಾತ್ರ ಮಸಿ ಹಾಕಿದರು. ಮಸಿ ಒಣಗಿದ ಮೇಲೆ ಮುದುಕನನ್ನು ರಬ್ಬರಿನಿಂದ ಉಜ್ಜಿ ತೆಗೆದು, ಪುಡಿ ಊದಿದರು.

'ಹೇಗೂ ಅಳಿಸ್ತೀರಿ, ಸುಮ್ನೆ ಯಾಕೆ ಅಷ್ಟೊಂದು ಬರೆದಿರಿ ಸಾರ್?' ಅಂದೆ. ಅವರು ಮಾತಾಡಲಿಲ್ಲ. ಇನ್ನೊಂದು ಹಾಳೆ ತೆಗೆದು, ಮುದುಕನನ್ನು ಬರೆಯದೆ ನೇರ ಮಂಚವನ್ನೇ ಬರೆದು, ಎರಡನ್ನೂ ಪಕ್ಕಪಕ್ಕ ಇಟ್ಟರು. ಎರಡನೆಯದರಲ್ಲಿ ಹಗ್ಗ ನಡುವೆ ಒಂದೇ ಸಮ ಜಗ್ಗಿತ್ತು. ಅದು ಬರೀ ಖಾಲಿ ಮಂಚ. ಮೊದಲನೆಯದರಲ್ಲಿ ಬಾಗಿಲ ಕಡೆಯ ಅಂಚಿಗೆ ಹಗ್ಗ ಬಿಗಿದು ಇಳಿದಿತ್ತು, ಯಾರೋ ತುದಿಯಲ್ಲಿ ಕೂತು ಮುಂದಕ್ಕೆ ಬಗ್ಗಿ ಕೇಳಿಸಿಕೊಳ್ಳುತ್ತಿರುವ ಹಾಗೆ. ಚಿತ್ರದ ಕೆಳಗೆ ಹಾಕಲು ನಾನು 'ಅದೃಶ್ಯನಾಗಿ ಕೂತ ಯಜಮಾನ' ಅಂತ ಬರೆದಿಟ್ಟಿದ್ದೆ. ಅದನ್ನು ನಾನೇ ಹೊಡೆದುಹಾಕಿದೆ.

ಹಾಗಾಗಿ 'ಚುಕ್ಕೆ ಗೆರೆ ಎಳೆದರೆ ಕಲಾವಿದನ ಕೆಲಸ ಮುಗಿಯಿತು' ಅನ್ನುವ ನಿಮ್ಮ ಸಾಲನ್ನು ನಾನು ಒಪ್ಪುವುದಿಲ್ಲ. ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ 1961ರಲ್ಲಿ ಶುರುಮಾಡಿದ 'ಫೆಂಟಾಸ್ಟಿಕ್ ಫೋರ್' ಕಾಮಿಕ್ಸ್‌ನಲ್ಲಿ ಬೇಕೆಂದಾಗ ಅದೃಶ್ಯಳಾಗುವ ನಾಯಕಿ ಸೂ ಸ್ಟಾರ್ಮ್ ಬಗ್ಗೆ ಹಾಗೆ ಬರೆದಿದ್ದೀರಿ. ಆ ಚುಕ್ಕೆ ಗೆರೆ ಓದುವವನಿಗೆ ಕಾಣುತ್ತದೆ, ಅವಳ ಎದುರು ನಿಂತ ವೈರಿಗೆ ಕಾಣುವುದಿಲ್ಲ. ಶಾಕುಂತಲದ ಆರನೇ ಅಂಕ ನೆನಪು ಮಾಡಿಕೊಳ್ಳಿ. ಸಾನುಮತಿ ಅನ್ನುವ ಅಪ್ಸರೆ, ಕಾಣದ ಹಾಗೆ ಮಾಡುವ ತಿರಸ್ಕರಿಣೀ ವಿದ್ಯೆಯಿಂದ ಮರೆಯಾಗಿ ದುಷ್ಯಂತನ ಸಂಕಟ ಕೇಳುತ್ತಿದ್ದಾಳೆ. ರಾಜನಿಗೆ ಅವಳಿಲ್ಲ, ನಮ್ಮ ಕಣ್ಣೆದುರೇ ನಿಂತಿದ್ದಾಳೆ. ಯಾರ ಕಣ್ಣಿಗೆ ಅದೃಶ್ಯ ಅಂತ ನೀವು ಒಂದು ಕಡೆಯೂ ಕೇಳಿಕೊಂಡಿಲ್ಲ.

ಇಷ್ಟೆಲ್ಲ ಬರೆಯಲು ಕಾರಣ ನಿಮ್ಮ ಕೊನೆಯ ಪುಟದ ಒಂದು ಸಾಲು: 'ಸಾಂಚಿಯಲ್ಲೂ ಬುದ್ಧನನ್ನು ಸಂಕೇತಗಳ ಮೂಲಕ ತೋರಿಸಲಾಗಿದೆ.' ಅಷ್ಟೇ ಹೇಳಿ ಮುಂದೆ ಹೋಗಿಬಿಟ್ಟಿರಲ್ಲ! ಅಲ್ಲಿನ ಸ್ತೂಪದ ಪೂರ್ವ ತೋರಣದ, ಅಂದರೆ ಕಲ್ಲಿನ ಹೆಬ್ಬಾಗಿಲಿನ, ನಡುವಿನ ತೊಲೆಯಲ್ಲಿ ಸಿದ್ಧಾರ್ಥ ಮನೆ ಬಿಟ್ಟು ಹೊರಡುವ ದೃಶ್ಯ ಇದೆ. ಕುದುರೆಯ ಬೆನ್ನ ಮೇಲೆ ಯಾರೂ ಇಲ್ಲ, ಆದರೆ ಆ ಖಾಲಿ ಬೆನ್ನಿನ ಮೇಲೆ ಕೊಡೆ ಹಿಡಿದಿದ್ದಾರೆ. ಸದ್ದಾಗಿ ಊರು ಏಳಬಾರದು ಅಂತ ಗೊರಸುಗಳನ್ನು ಅಂಗೈ ಮೇಲೆ ಎತ್ತಿ ಹಿಡಿದಿದ್ದಾರೆ. ಅದೇ ಕುದುರೆ ಮತ್ತೆ ಮತ್ತೆ ಬರುತ್ತದೆ, ಎಡದಿಂದ ಬಲಕ್ಕೆ ಸಾಗುತ್ತದೆ. ಬಲತುದಿಯಲ್ಲಿ ಎರಡು ದೊಡ್ಡ ಪಾದದ ಗುರುತು. ಕೊಡೆ ಈಗ ಅವುಗಳ ಮೇಲಿದೆ. ಕೆಳಗೆ ಕುದುರೆ ಊರ ಕಡೆ ತಿರುಗಿ ಹೊರಟಿದೆ, ಕೊಡೆ ಇಲ್ಲದೆ.

ಹೋಗುವಾಗಲೂ ಬರುವಾಗಲೂ ಆ ಬೆನ್ನ ಮೇಲೆ ಏನೂ ಕೆತ್ತಿಲ್ಲ. ಆದರೂ ಹೋಗುವಾಗ ಅವನಿದ್ದ, ಬರುವಾಗ ಇಲ್ಲ. ಮೊದಲನೆಯದು ಅದೃಶ್ಯ, ಎರಡನೆಯದು ಮಾಯ. ನೀವು ಬೆರೆಸಿಬಿಟ್ಟ ಆ ಎರಡು ಮಾತನ್ನು ಶಿಲ್ಪಿ ಒಂದೇ ತೊಲೆಯಲ್ಲಿ ಬೇರೆ ಮಾಡಿ ತೋರಿಸಿದ್ದಾನೆ, ಬರೀ ಒಂದು ಕೊಡೆಯಿಂದ. ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ಆ ಹಗ್ಗದ ಮಂಚ ನೆನಪಾಗಿ ಕಣ್ಣು ತುಂಬಿತ್ತು.

ನಿಮ್ಮ ವಿಳಾಸ ಕಲಬುರಗಿಯದು. ನಿಮ್ಮ ಜಿಲ್ಲೆಯಲ್ಲೇ, ಸನ್ನತಿ ಹತ್ತಿರದ ಕನಗನಹಳ್ಳಿಯ ಸ್ತೂಪದ ಕಲ್ಲುಗಳಲ್ಲೂ ಖಾಲಿ ಪೀಠ, ಪಾದದ ಗುರುತು ಇವೆ. ಒಂದು ದಿನ ಹೋಗಿ, ಒಂದೇ ಕಲ್ಲಿನ ಮುಂದೆ ಕೂತು, ಕಂಡದ್ದನ್ನು ಮಾತ್ರ ಬರೆದುಕೊಂಡು ಬನ್ನಿ. ಸಿನಿಮಾ, ಕಾಮಿಕ್ಸ್ ಎಲ್ಲ ಆಮೇಲೆ ಸೇರಿಸೋಣ. ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಕಳಿಸಿ. ನಾನೇ ಓದುತ್ತೇನೆ.