ಆ ಕಬ್ಬಿಣದ ಕಂಬಗಳಿಂದ ಶುರು ಮಾಡಿ

ನಮಸ್ಕಾರ.

ಇಂಗ್ಲೆಂಡಿನ ಶೀರ್ನೆಸ್ ಡಾಕ್‌ಯಾರ್ಡಿನ, ಅಂದರೆ ನೌಕಾಪಡೆಯ ಹಡಗುಗಳನ್ನು ಕಟ್ಟಿ ದುರಸ್ತಿ ಮಾಡುತ್ತಿದ್ದ ಜಾಗದ, ಹಳೆಯ ಚರ್ಚಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ. ಅದಕ್ಕೇ ಈ ಪತ್ರ.

ನಾಲ್ಕನೇ ಪುಟದಲ್ಲಿ ಒಂದು ಕಡೆ ನನ್ನ ಓದು ನಿಂತೇಹೋಯಿತು. 2012ರಲ್ಲಿ ನೀವು ಬೇಲಿ ಸಂದಿಯಿಂದ ಒಳಗೆ ಇಣುಕಿದ್ದೀರಿ. ಮೇಲೆ ಚಾವಣಿ ಇಲ್ಲ. ಕೆಳಗೆ ಗಿಡಗಂಟಿ. ನಡುವೆ ಕಬ್ಬಿಣದ ಕಂಬಗಳು ನಿಂತಿವೆ, ಅವು ಹೊತ್ತಿದ್ದ ಬಾಲ್ಕನಿ ಮಾತ್ರ ಇಲ್ಲ. ನಿಮ್ಮ ಲೇಖನ ಶುರುವಾಗುವುದು ಅಲ್ಲಿ. ಅದಕ್ಕೂ ಮುಂಚಿನ ಮೂರು ಪುಟದಲ್ಲಿ ಕಾಲಚಕ್ರ, ಗತವೈಭವ, ಮೂಕಸಾಕ್ಷಿ ಇವೇ ತುಂಬಿವೆ. ಆ ಮಾತುಗಳನ್ನು ಹಂಪಿಯ ಬಗ್ಗೆಯೂ ಬರೆಯಬಹುದು, ನಮ್ಮೂರಿನ ಹಳೇ ಬಂಗಲೆಯ ಬಗ್ಗೆಯೂ ಬರೆಯಬಹುದು, ಅಲ್ವಾ? ದಯವಿಟ್ಟು ತೆಗೆದುಬಿಡಿ.

ಕೆಲವು ತಪ್ಪುಗಳಿವೆ. ಚರ್ಚನ್ನು ಗೋಥಿಕ್, ಅಂದರೆ ಚೂಪು ಕಮಾನುಗಳ ಶೈಲಿಯದು, ಎಂದಿದ್ದೀರಿ. ಅಲ್ಲ. ವಾಸ್ತುಶಿಲ್ಪಿ ಜಾರ್ಜ್ ಲೆಡ್‌ವೆಲ್ ಟೇಲರ್ ಅದನ್ನು ಗ್ರೀಕ್ ದೇಗುಲದ ಮಾದರಿಯಲ್ಲಿ ಮಾಡಿದರು. ಹಳದಿ ಇಟ್ಟಿಗೆಯ ಗೋಡೆ, ಎದುರಿಗೆ ಮುಖಮಂಟಪ. ಅದರ ಅಯೋನಿಕ್ ಕಂಬಗಳ ತಲೆಯಲ್ಲಿ ಟಗರಿನ ಕೊಂಬಿನ ಹಾಗೆ ಸುರುಳಿಗಳು. ನಿಮ್ಮ ಫೋಟೋದಲ್ಲೇ ಕಾಣುತ್ತವೆ ನೋಡಿ. 'ಜಾರ್ಜಿಯನ್' ಪದ ಹನ್ನೊಂದು ಸಲ ಬಂದಿದೆ, ಹಾಗಂದರೆ ಏನು ಅಂತ ಒಂದು ಸಲವೂ ಹೇಳಿಲ್ಲ. 1714ರಿಂದ 1830ರವರೆಗೆ ಜಾರ್ಜ್ ಎಂಬ ಹೆಸರಿನ ನಾಲ್ವರು ರಾಜರು ಆಳಿದ ಕಾಲ ಅಂದರೆ ಮುಗಿಯಿತು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಬಗ್ಗೆ ಇರುವ ಇಡೀ ಪ್ಯಾರಾ ಬೇಡ. ಅವರ ತಂದೆ ಶೀರ್ನೆಸ್‌ನಲ್ಲಿ ನೌಕಾಪಡೆಯ ಸಂಬಳದ ಲೆಕ್ಕ ನೋಡುತ್ತಿದ್ದದ್ದು ನಿಜ. ಅದು 1817ರ ಸುಮಾರಿಗೆ. ಚರ್ಚು ಕಟ್ಟಿದ್ದು 1828ರಲ್ಲಿ. ಬಾಲಕ ಡಿಕನ್ಸ್ ಅಲ್ಲಿ ಪ್ರಾರ್ಥನೆಗೆ ಕೂತಿರಬಹುದು ಎಂದು ಹೇಗೆ ಬರೆದಿರಿ?

ನಿಮ್ಮ ಬಳಿ ಇರುವ ನಿಜವಾದ ಕತೆ ಎರಡು ಬೆಂಕಿಗಳದು. ಎರಡನ್ನೂ ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. 1881ರಲ್ಲಿ ಚರ್ಚು ಸುಟ್ಟುಹೋದಾಗ ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಿದರು. ಆಗ ಡಾಕ್‌ಯಾರ್ಡ್ ನಡೆಯುತ್ತಿತ್ತು. ಪಕ್ಕದ ನೇವಲ್ ಟೆರೇಸ್ ಎಂಬ ಮನೆಗಳ ಸಾಲಿನಲ್ಲಿ ಅಧಿಕಾರಿಗಳ ಸಂಸಾರಗಳಿದ್ದವು. 1960ರಲ್ಲಿ ಡಾಕ್‌ಯಾರ್ಡ್ ಮುಚ್ಚಿತು. ಆಮೇಲೆ ಚರ್ಚಿಗೂ ಬೀಗ ಬಿತ್ತು. 2001ರಲ್ಲಿ ಮತ್ತೆ ಬೆಂಕಿ ಬಿದ್ದು ಚಾವಣಿ ಹೋದಾಗ ಕಟ್ಟಿಸಲು ಅಲ್ಲಿ ನೌಕಾಪಡೆಯೇ ಇರಲಿಲ್ಲ. ಹಾಗಾಗಿ ವರ್ಷಗಟ್ಟಲೆ ಮಳೆ ಒಳಗೇ ಸುರಿಯಿತು. ಅದೇ ಕಟ್ಟಡ, ಅದೇ ಬೆಂಕಿ. ಒಂದು ಸಲ ಎದ್ದಿತು, ಇನ್ನೊಂದು ಸಲ ಪಾಳು ಬಿತ್ತು. ಯಾಕೆ ಅನ್ನುವುದನ್ನು ನಿಮ್ಮ ಓದುಗರು ತಿಳಿಯಬೇಕು.

ಇನ್ನೊಂದು ಮಾತು, ಸ್ವಲ್ಪ ಬೇಸರವಾಗಬಹುದು. ಚರ್ಚು ಇಂದಿಗೂ ಪಾಳು ಬಿದ್ದಿದೆ ಎಂದು ಮುಗಿಸಿದ್ದೀರಿ. ಇಲ್ಲ. ಸ್ಥಳೀಯ ಟ್ರಸ್ಟ್ ಒಂದು ಅದನ್ನು ದುರಸ್ತಿ ಮಾಡಿಸಿ 2023ರಲ್ಲಿ ತೆರೆಯಿತು. ಹೊಸ ಚಾವಣಿ ಬಂದಿದೆ. ಹೊಸದಾಗಿ ಉದ್ಯೋಗ ಶುರು ಮಾಡುವವರಿಗೆ ಜಾಗ ಇದೆ, ಕೆಫೆ ಇದೆ. ಹಳೆಯ ಕಬ್ಬಿಣದ ಕಂಬಗಳನ್ನು ಉಳಿಸಿಕೊಂಡಿದ್ದಾರೆ. ಕೆಸರು ನೆಲದಲ್ಲಿ ಮರದ ಗೂಟ ಹೊಡೆದು ಕಟ್ಟಿದ ಆ ಡಾಕ್‌ಯಾರ್ಡಿನ ಯೋಜನೆ ಎಂಜಿನಿಯರ್ ಜಾನ್ ರೆನ್ನಿಯವರದು. ಆ ಡಾಕ್‌ಯಾರ್ಡನ್ನು ಚಿಕ್ಕದಾಗಿ ಮಾಡಿ ತೋರಿಸುವ ಹಳೆಯ ಪ್ರತಿಕೃತಿಯೊಂದಿದೆ. ಪೂರ್ತಿ ಜೋಡಿಸಿದರೆ ಸುಮಾರು 1600 ಚದರ ಅಡಿ, ನಮ್ಮ ಥರ್ಟಿ ಫಾರ್ಟಿ ಸೈಟಿಗಿಂತ ಜಾಸ್ತಿ! ಅದರ ಭಾಗಗಳನ್ನು ಈಗ ಈ ಚರ್ಚಿನಲ್ಲೇ ಇಟ್ಟಿದ್ದಾರೆ. ನೀವು ಅದರ ಹೆಸರನ್ನೇ ಎತ್ತಿಲ್ಲ.

ನೀವಿರುವ ಲಂಡನ್ನಿನಿಂದ ಶೀರ್ನೆಸ್ ದೂರವಲ್ಲ. ಇನ್ನೊಮ್ಮೆ ಹೋಗಿ. ಈ ಸಲ ಬಾಗಿಲಿನಿಂದಲೇ ಒಳಗೆ ಹೋಗಿ, ಅಂದು ಬೇಲಿಯಾಚೆ ಕಂಡ ಕಂಬದ ಪಕ್ಕ ಸ್ವಲ್ಪ ಹೊತ್ತು ಕೂತು ಬನ್ನಿ. ಸಾವಿರ ಪದ ಸಾಕು. 2012ರ ಆ ಫೋಟೋವನ್ನೂ ಜೊತೆಗೆ ಕಳಿಸಿ. ಕಾಯುತ್ತಿರುತ್ತೇನೆ.

ಇಂತಿ,
ಸಂಪಾದಕ