ಆ್ಯಪ್ ಇಲ್ಲದೆ ಸಿಂಥಸೈಜರ್ ನುಡಿದೀತೆ?

ಪ್ರಶ್ನೆ: ಬ್ಯಾಟರಿಯಿಂದ ನಡೆಯುವ ಹಳೆಯ ಕೋರ್ಗ್ ವೋಲ್ಕಾ ಸ್ಯಾಂಪಲ್ ಎಂಬ, ಮುದ್ರಿತ ಧ್ವನಿ ತುಣುಕುಗಳನ್ನು ನುಡಿಸುವ ಪುಟ್ಟ ಎಲೆಕ್ಟ್ರಾನಿಕ್ ವಾದ್ಯವೊಂದು ಕಡಿಮೆ ಬೆಲೆಗೆ ಸಿಗುತ್ತಿದೆ. ಮೊಬೈಲ್ ಆ್ಯಪ್ ಇಲ್ಲದಿದ್ದರೆ ಅದು ಪ್ರಯೋಜನಕ್ಕೆ ಬಾರದೆನ್ನುತ್ತಾರೆ. ಕೊಳ್ಳಬಹುದೇ?

ಉತ್ತರ: ಆ ಮಾತು ಅರ್ಧ ಮಾತ್ರ ನಿಜ. 2014ರಲ್ಲಿ ಬಂದ ಈ ವಾದ್ಯಕ್ಕೆ ಯುಎಸ್‌ಬಿ ಪೋರ್ಟ್ ಇಲ್ಲವಾದ್ದರಿಂದ, ನೀವೇ ಮುದ್ರಿಸಿಕೊಂಡ ಧ್ವನಿಗಳನ್ನು ತುಂಬಲು ಐಫೋನಿನ ಆ್ಯಪ್ ಅವನ್ನು ಕರ್ಕಶ ಸದ್ದಿನ ಸಂಕೇತವಾಗಿ ಮಾರ್ಪಡಿಸಿ, ಆಡಿಯೊ ಕೇಬಲ್‌ನ ಮೂಲಕ ವಾದ್ಯದ ಸಿಂಕ್ ಜ್ಯಾಕ್‌ಗೆ (ಬೇರೆ ವಾದ್ಯಗಳೊಡನೆ ಲಯ ಹೊಂದಿಸುವ ಕಿಂಡಿಗೆ) ಕಳುಹಿಸುತ್ತದೆ. ಈಚಿನ ಐಫೋನುಗಳಲ್ಲಿ ಹೆಡ್‌ಫೋನ್ ಜ್ಯಾಕ್ ಇಲ್ಲ. ಆದ್ದರಿಂದ ಪ್ರತ್ಯೇಕ ಅಡಾಪ್ಟರ್ ಸಹ ಬೇಕಾಗುತ್ತದೆ. ಆದರೆ ಒಳಗಿರುವ ಧ್ವನಿಗಳನ್ನು ನುಡಿಸುವುದಕ್ಕೂ ಅವುಗಳಿಂದ ಲಯ ಹೆಣೆಯುವುದಕ್ಕೂ ಫೋನಿನ ಹಂಗೇ ಇಲ್ಲ. ಸ್ವಂತ ಧ್ವನಿಗಳೇ ಮುಖ್ಯವಾಗಿದ್ದರೆ, ಯುಎಸ್‌ಬಿ ಇರುವ 2020ರ ಎರಡನೆಯ ಆವೃತ್ತಿಗೆ ಸ್ವಲ್ಪ ಹೆಚ್ಚು ಹಣ ತೆರುವುದೇ ಜಾಣತನ.

ಬ್ಯಾಟರಿಯ ವಿಷಯದಲ್ಲಿ ನಾನು ಹಳೆಯ ಕ್ರಮದ ಪಕ್ಷಪಾತಿ: ಇದಕ್ಕೆ ಬೇಕಾದ ಆರು ಎಎ ಸೆಲ್‌ಗಳು ಯಾವ ಅಂಗಡಿಯಲ್ಲಾದರೂ ಸಿಗುತ್ತವೆ, ಒಳಗೇ ಕೂರಿಸಿದ ಲಿಥಿಯಂ ಬ್ಯಾಟರಿ ಸತ್ತಾಗ ವಾದ್ಯವನ್ನೇ ಬಿಚ್ಚಿಸಬೇಕಾದ ತಾಪತ್ರಯ ಇಲ್ಲಿಲ್ಲ. ಕೊಳ್ಳುವ ಮುನ್ನ ಸೆಲ್ ಕೂರುವ ಸ್ಪ್ರಿಂಗ್‌ಗಳಲ್ಲಿ ಹಸಿರು ಕಿಲುಬು ಕಟ್ಟಿದೆಯೇ ಎಂದು ನೋಡಿ. ಗಿಟಾರಿನ ಸದ್ದು ಬದಲಿಸುವ ಪೆಡಲ್‌ನ 9 ವೋಲ್ಟ್ ಅಡಾಪ್ಟರನ್ನು ಮಾತ್ರ ಚುಚ್ಚಬೇಡಿ. ಅದರ ಪ್ಲಗ್ಗಿನ ನಡುಭಾಗ ಸಾಮಾನ್ಯವಾಗಿ ಋಣ (ಮೈನಸ್), ಈ ವಾದ್ಯಕ್ಕೆ ಬೇಕಾದದ್ದು ಧನ (ಪ್ಲಸ್).