ರೋಗನಿರೋಧಕ ಶಕ್ತಿಗೆ ಮೆಲಟೋನಿನ್ ಮಾತ್ರೆ ಬೇಕೇ?

ಪ್ರಶ್ನೆ: ನನಗೆ 46 ವರ್ಷ. ರುಮಟಾಯ್ಡ್ ಸಂಧಿವಾತಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಾ ಪ್ರೆಡ್ನಿಸೊಲೋನ್ ತೆಗೆದುಕೊಳ್ಳುತ್ತೇನೆ. ರಾತ್ರಿ ನಿದ್ದೆ ಬರುವುದಿಲ್ಲ. ನಿದ್ದೆಯೂ ಬರುತ್ತದೆ, ರೋಗನಿರೋಧಕ ಶಕ್ತಿಯೂ ಹೆಚ್ಚುತ್ತದೆ ಎಂದು ಅಮೆರಿಕದಲ್ಲಿರುವ ತಮ್ಮ 10 ಮಿಲಿಗ್ರಾಂನ ಮೆಲಟೋನಿನ್ ಮಾತ್ರೆ ಕಳಿಸಿದ್ದಾನೆ. ತೆಗೆದುಕೊಳ್ಳಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಬೇಡ. ಮೊದಲು ಡಬ್ಬಿಯನ್ನು ನಿಮ್ಮ ಸಂಧಿವಾತ ತಜ್ಞರಿಗೆ ತೋರಿಸಿ. ನಿಮ್ಮ ಕಾಯಿಲೆಯಲ್ಲಿ ರೋಗನಿರೋಧಕ ವ್ಯವಸ್ಥೆ ನಿಮ್ಮ ಕೀಲುಗಳ ಮೇಲೆಯೇ ತಿರುಗಿಬಿದ್ದಿದೆ. ಅದನ್ನು ತಗ್ಗಿಸಲೆಂದೇ ಮೆಥೊಟ್ರೆಕ್ಸೇಟ್ ಕೊಟ್ಟಿರುವುದು.

ಮೆಲಟೋನಿನ್ ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿ ಸುರಿಸುವ ಹಾರ್ಮೋನು. ಸಾಮಾನ್ಯವಾಗಿ ರಾತ್ರಿ 2ರಿಂದ 4ರ ನಡುವೆ ರಕ್ತದಲ್ಲಿ ಅತಿ ಹೆಚ್ಚಿರುತ್ತದೆ. ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಲ್ಲಿ ಅದನ್ನು ಗುರುತಿಸುವ ಗ್ರಾಹಕಗಳಿವೆ. ಆ ಕಣಗಳು ತಾವೇ ಅಷ್ಟಿಷ್ಟು ಮೆಲಟೋನಿನ್ ತಯಾರಿಸಿಕೊಳ್ಳುವುದೂ ಉಂಟು. ಪ್ರಯೋಗಾಲಯದಲ್ಲಿ ಅದು ರೋಗನಿರೋಧಕ ಕಣಗಳನ್ನು ಹುರಿದುಂಬಿಸುವ ಇಂಟರ್‌ಲ್ಯೂಕಿನ್-2, ಇಂಟರ್‌ಫೆರಾನ್-ಗಾಮಾ ಎಂಬ ಪ್ರೋಟೀನ್‌ಗಳನ್ನು ಹೆಚ್ಚಿಸಿದೆ. ಉರಿಯೂತ ಅತಿಯಾದ ಕಡೆ ತಣಿಸಿಯೂ ಇದೆ. ಹೀಗೆ ಎರಡೂ ಕಡೆಗೆ ಎಳೆಯಬಲ್ಲ ವಸ್ತುವನ್ನು ‘ಇಮ್ಯುನಿಟಿ ಬೂಸ್ಟರ್’ ಎಂದು ಮಾರುವುದು ಜನರನ್ನು ದಾರಿ ತಪ್ಪಿಸಿದಂತೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಿಮ್ಮದೇ ಕಾಯಿಲೆಯವರಿಗೆ ಮಾಮೂಲಿ ಔಷಧದ ಜೊತೆ ಇದೇ 10 ಮಿಲಿಗ್ರಾಂ ಆರು ತಿಂಗಳು ಕೊಟ್ಟಿದ್ದರು. ಕೀಲುಗಳಿಗೆ ಗುಣವೇನೂ ಕಾಣಲಿಲ್ಲ, ಉರಿಯೂತವನ್ನು ಸೂಚಿಸುವ ರಕ್ತಪರೀಕ್ಷೆಯಾದ ಇಎಸ್‌ಆರ್ ಮಾತ್ರ ಏರಿತು.

ಡಬ್ಬಿಯ ಮೇಲಿನ ಅಂಕಿಯನ್ನೂ ಪೂರ್ತಿ ನಂಬಬೇಡಿ. ಕೆನಡಾದಲ್ಲಿ 31 ಉತ್ಪನ್ನಗಳನ್ನು ಪರೀಕ್ಷಿಸಿದಾಗ, ಬರೆದುಕೊಂಡದ್ದಕ್ಕಿಂತ ಶೇ 83 ಕಡಿಮೆ ಇದ್ದದ್ದೂ ಸಿಕ್ಕಿತು, ಶೇ 478 ಹೆಚ್ಚಿದ್ದದ್ದೂ ಸಿಕ್ಕಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಖಿನ್ನತೆಗೆ ಕೊಡುವ ಫ್ಲೂವೊಕ್ಸಮೈನ್ ತೆಗೆದುಕೊಳ್ಳುವವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಲೇಬಾರದು.

ನಿಮ್ಮ ನಿದ್ದೆ ಕೆಡಿಸುತ್ತಿರುವುದು ಪ್ರೆಡ್ನಿಸೊಲೋನ್ ಇರಬಹುದು. ಸಂಜೆ ನುಂಗುತ್ತಿದ್ದರೆ, ಬೆಳಗಿನ ತಿಂಡಿಯ ನಂತರಕ್ಕೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ನೋವಿನಿಂದ ಎಚ್ಚರವಾಗುತ್ತಿದ್ದರೆ ಕಾಯಿಲೆ ಹತೋಟಿಗೆ ಬಂದಿಲ್ಲವೆಂದು ಅರ್ಥ. ಅದನ್ನೂ ಹೇಳಿ.

ಪ್ರಶ್ನೆ: ನಾನು ನರ್ಸ್. ತಿಂಗಳಿಗೆ ಎಂಟು ರಾತ್ರಿ ಪಾಳಿ. ಮೆಲಟೋನಿನ್ ತೆಗೆದುಕೊಂಡರೆ ಫ್ಲೂ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತದೆಯೇ?
– ಓದುಗರು, ಮಂಗಳೂರು

ಉತ್ತರ: ಲಸಿಕೆಯ ಮಟ್ಟಿಗೆ ಮಾತ್ರೆಗಿಂತ ನಿದ್ದೆಗೇ ಪುರಾವೆ ಗಟ್ಟಿ. 2002ರ ಒಂದು ಅಧ್ಯಯನದಲ್ಲಿ ಯುವಕರಿಗೆ ದಿನಕ್ಕೆ ನಾಲ್ಕೇ ಗಂಟೆ ನಿದ್ದೆಗೆ ಬಿಟ್ಟು ಫ್ಲೂ ಲಸಿಕೆ ಹಾಕಿದರು. ಹತ್ತು ದಿನಗಳ ನಂತರ ಅವರಲ್ಲಿದ್ದ ಪ್ರತಿಕಾಯಗಳು, ಮಾಮೂಲಿಯಾಗಿ ಮಲಗಿದವರಲ್ಲಿ ಇದ್ದದ್ದರ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಹಗಲು ಪಾಳಿಯ ವಾರ ನೋಡಿ, ಎರಡು ಮೂರು ರಾತ್ರಿ ಚೆನ್ನಾಗಿ ಮಲಗಿ ಚುಚ್ಚಿಸಿಕೊಳ್ಳಿ. ಹಾಗೆಂದು ಪಾಳಿ ಸಿಗಲಿಲ್ಲವೆಂದು ಲಸಿಕೆ ತಪ್ಪಿಸಬೇಡಿ.

ರಾತ್ರಿ ಪಾಳಿಯ ದಿನ ಕೊನೆಯ ಕಾಫಿ ಮಲಗುವುದಕ್ಕೆ ಆರು ಗಂಟೆ ಮೊದಲೇ ಮುಗಿಯಲಿ. ಬಸ್ಸಿನಲ್ಲಿ ಮನೆಗೆ ಬರುವುದಾದರೆ ಕಪ್ಪು ಕನ್ನಡಕ ಹಾಕಿಕೊಳ್ಳಿ. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ದೇಹ ಹಗಲಾಯಿತೆಂದು ತಿಳಿದು ಎಚ್ಚರಗೊಳ್ಳುತ್ತದೆ. ಸ್ಕೂಟರ್ ಓಡಿಸುವುದಾದರೆ ಮಾತ್ರ ಕನ್ನಡಕ ಬೇಡ, ತೂಕಡಿಕೆ ಹೆಚ್ಚೀತು. ಮಲಗುವ ಕೋಣೆಯ ಕಿಟಕಿಗೆ ದಪ್ಪ ಕಪ್ಪು ಪರದೆ ಕಟ್ಟಿ, ಅಂಚಿನ ಸಂದಿಯಿಂದ ಬೆಳಕು ನುಸುಳದಂತೆ ಪರದೆಯನ್ನು ಗೋಡೆಗೆ ಅಂಟಿಸಿ.